ಆರು ಗಾಲಿಗಳ ಆರ್ಡರು

ಇಂಗ್ಲೆಂಡಿನಲ್ಲಿ ಒಂದು ಜಾತಿಯ ಅಂಗಡಿಗಳಿವೆ. ಅವಕ್ಕೆ ಬೋರ್ಡಿಲ್ಲ, ಷಟರಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ. ಮನೆಯ ಹಿತ್ತಲಲ್ಲಿ ಒಂದು ಮರದ ಷೆಡ್ಡು, ಅದರೊಳಗೊಂದು ಪುಟ್ಟ ಲೇತು, ಗೋಡೆಯ ತುಂಬಾ ಸಣ್ಣ ಸಣ್ಣ ಡ್ರಾಯರುಗಳು, ಮಧ್ಯೆ ಭೂತಗನ್ನಡಿ ಏರಿಸಿಕೊಂಡು ಕೂತ ಒಬ್ಬ ನಿವೃತ್ತ ಮಹಾಶಯ. ಇಷ್ಟೇ ಕಂಪನಿ. ಮಾಲೀಕ, ಮ್ಯಾನೇಜರು, ಕೂಲಿಯಾಳು, ಪ್ಯಾಕ್ ಮಾಡುವವನು, ದೂರು ವಿಭಾಗ ಎಲ್ಲಾ ಅವನೇ. ಪ್ರಪಂಚದಲ್ಲಿ ಮಾದರಿ ರೈಲು ಕಟ್ಟುವ ಹುಚ್ಚು ಹತ್ತಿದವರ ಜುಟ್ಟೆಲ್ಲ ಇಂಥ ಷೆಡ್ಡುಗಳ ಕೈಯಲ್ಲಿದೆ. ಹಾರ್ನ್‌ಬಿ, ಮಾರ್ಕ್ಲಿನ್‌ನಂಥ ದೊಡ್ಡವರು ಇಡೀ ರೈಲನ್ನೇ ಡಬ್ಬದಲ್ಲಿಟ್ಟು ಮಾರುತ್ತಾರೆ. ತೆಗೆದು ಹಳಿಯ ಮೇಲಿಟ್ಟರೆ ಓಡುತ್ತದೆ. ಅಷ್ಟರಿಂದ ತೃಪ್ತನಾಗುವವನು ಪುಣ್ಯವಂತ, ಅವನ ವಿಷಯ ಇಲ್ಲಿ ಬೇಡ.

ನನಗೆ ಬೇಕಾಗಿದ್ದು ವೈ.ಪಿ. ಎಂಜಿನ್ನು. ವೈ ಅಂದರೆ ಮೀಟರ್ ಗೇಜು, ಪಿ ಅಂದರೆ ಪ್ಯಾಸೆಂಜರು. ಬೆಂಗಳೂರಿನಿಂದ ಹೊರಟ ಹಳಿ 1882ರಲ್ಲಿ ಮೈಸೂರು ಮುಟ್ಟಿತು. ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಬರುವ ತನಕ ಅದು ಮೀಟರ್ ಗೇಜೇ. ಆ ರೈಲಿನ ಕಿಟಕಿ ಪಕ್ಕ ಕೂತು ಕಣ್ಣಿಗೆ ಇದ್ದಿಲ ಪುಡಿ ಬೀಳಿಸಿಕೊಂಡವರಲ್ಲಿ ನಾನೂ ಒಬ್ಬ. ಮಿಕ್ಕವರು ಕಣ್ಣುಜ್ಜಿಕೊಂಡು ಮನೆಗೆ ಹೋದರು. ನನ್ನ ಕಣ್ಣಿಗೆ ಬಿದ್ದದ್ದು ಇನ್ನೂ ಹೊರಗೆ ಬಂದಿಲ್ಲ.

ನಿವೃತ್ತಿಯಾದದ್ದೇ ಹಿತ್ತಾಳೆ ತಗಡು, ಬೆಸುಗೆ ಕಡ್ಡಿ, ಅರ ಹಿಡಿದು ಕೂತೆ. 87ರಲ್ಲಿ ಒಂದು ಭಾಗದ ಅಳತೆಗೆ ಬಾಯ್ಲರು ಸುತ್ತಿದೆ, ಹೊಗೆಕೊಳವೆ ನಿಲ್ಲಿಸಿದೆ, ಡ್ರೈವರು ನಿಲ್ಲುವ ಕ್ಯಾಬು ಕಟ್ಟಿದೆ. ಅಡುಗೆಮನೆಯ ಗ್ರಾನೈಟಿನ ಮೇಲೆ ಬೆಸುಗೆಯ ಹನಿಗಳು ಇವತ್ತಿಗೂ ಸಾಕ್ಷಿ ಹೇಳುತ್ತಿವೆ. ಗಾಲಿ ಮಾತ್ರ ಮನೆಯಲ್ಲಿ ಮಾಡುವ ಪದಾರ್ಥವಲ್ಲ. ನಿಜವಾದ ವೈ.ಪಿ.ಯ ದೊಡ್ಡ ಗಾಲಿಯ ಅಡ್ಡಳತೆ 4 ಅಡಿ 6 ಇಂಚು. 87ರಿಂದ ಭಾಗಿಸಿದರೆ 16 ಮಿಲಿಮೀಟರಿಗೆ ಕೂದಲೆಳೆ ಕಮ್ಮಿ. ಅಷ್ಟರೊಳಗೆ ಕಡ್ಡಿಗಳು ಬಿಡಿಬಿಡಿಯಾಗಿ ಕಾಣಬೇಕು, ಅಂಚಿಗೆ ಲೋಹದ ಪಟ್ಟಿ ಕೂರಬೇಕು. ಮೋಟರಿಗೆ 12 ವೋಲ್ಟು ಬರುವುದು ಹಳಿಯಿಂದಲೇ ಆದ್ದರಿಂದ ಎಡಗಡೆಯ ಕರೆಂಟು ಬಲಗಡೆಗೆ ದಾಟದಂತೆ ನಡುವೆ ಪ್ಲಾಸ್ಟಿಕ್ಕೂ ಇರಬೇಕು. ಇಲ್ಲದಿದ್ದರೆ ಷಾರ್ಟ್ ಸರ್ಕೀಟು.

ಇನ್ನು ಹಳಿಯ ಅಗಲ. ಒಂದು ಮೀಟರನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರು ಬರುತ್ತದೆ. ಮಾರುಕಟ್ಟೆಯಲ್ಲಿ ಸಿಗುವುದು 12. ಆ ಅರ್ಧ ಮಿಲಿಮೀಟರಿಗೆ ಕಣ್ಣು ಮುಚ್ಚಿಕೊಳ್ಳಲೇಬೇಕು. ಇಂಗ್ಲಿಷರು ಮುಚ್ಚಿಕೊಂಡದ್ದಕ್ಕೆ ಹೋಲಿಸಿದರೆ ನನ್ನದೇನೂ ಅಲ್ಲ ಬಿಡಿ. ಅವರ ಜನಪ್ರಿಯ ಓಓ ಅಳತೆಯಲ್ಲಿ ಮೇಲಿನ ಗಾಡಿ 76ರಲ್ಲಿ ಒಂದು ಭಾಗ, ಕೆಳಗಿನ ಹಳಿ 87ರಲ್ಲಿ ಒಂದು ಭಾಗ! ಅವರ ಎಂಜಿನ್ನುಗಳು ಸಣ್ಣವು, ಆಗಿನ ಮೋಟರು ದೊಡ್ಡದು, ಹೊಟ್ಟೆಯೊಳಗೆ ಹಿಡಿಸದೆ ಮೈಯನ್ನಷ್ಟೇ ಹಿಗ್ಗಿಸಿದರು. 16.5 ಮಿ.ಮೀ. ಹಳಿ ಹಾಗೇ ಉಳಿಯಿತು. ಇದನ್ನು ಸಹಿಸಲಾರದವರು ಸಿಡಿದುಹೋಗಿ 18.2 ಎಂದು ಒಂದು ಪಂಗಡ, ಅದೂ ಸಾಲದೆ 18.83 ಎಂದು ಇನ್ನೊಂದು ಪಂಗಡ ಮಾಡಿಕೊಂಡಿದ್ದಾರೆ. ನಮ್ಮ ಮಠಗಳ ಜಗಳ ಇದರ ಮುಂದೆ ಏನೇನೂ ಅಲ್ಲ.

12 ಮಿಲಿಮೀಟರಿನ ಹಳಿ ಅಲ್ಲಿ ಟಿ.ಟಿ. ಎಂಬ ಅಳತೆಯದು. ಟ್ರೈ-ಆಂಗ್ ಕಂಪನಿ 1957ರಲ್ಲಿ ಶುರುಮಾಡಿ ಅರವತ್ತರ ದಶಕದಲ್ಲೇ ಕೈಬಿಟ್ಟಿತು. ಆಗ ಅನಾಥರಾದವರು ಇನ್ನೂ ಹಠ ಬಿಟ್ಟಿಲ್ಲ. ಅವರಿಗೆಂದು ಗಾಲಿ ಮಾಡುತ್ತಿದ್ದ ಷೆಡ್ಡಿನವರೊಬ್ಬರ ಬೆಲೆಪಟ್ಟಿ ನನ್ನ ಕೈಗೆ ಬಂತು. 16 ಮಿ.ಮೀ., ಕಡ್ಡಿಗಾಲಿ, ಆಕ್ಸೆಲ್ ಸಮೇತ! ಕಣ್ಣಿಗೊತ್ತಿಕೊಂಡೆ. ಪಟ್ಟಿಯ ಕೆಳಗೆ ಷರತ್ತುಗಳಿದ್ದವು: ಹಣ ಚೆಕ್ ಮೂಲಕ ಮಾತ್ರ. ಸ್ಟಾಂಪು ಹಚ್ಚಿದ ಸ್ವವಿಳಾಸದ ಲಕೋಟೆ ಜೊತೆಗಿರಲಿ. ವಿದೇಶಕ್ಕೆ ಕಳಿಸುವುದಿಲ್ಲ. 28 ದಿನ ಕಾಯಿರಿ. ದಯವಿಟ್ಟು ಫೋನ್ ಮಾಡಬೇಡಿ, ಮಾಡಿದಷ್ಟೂ ತಡವಾಗುತ್ತದೆ.

ಇಮೇಲ್ ಬರೆದು ಗೋಗರೆದದ್ದಕ್ಕೆ ಬ್ಯಾಂಕ್ ಖಾತೆಗೆ ಹಣ ಹಾಕಬಹುದೆಂದು ಒಪ್ಪಿದರು. ನಮ್ಮ ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿ ಫಾರಂ ಎ2 ಕೊಟ್ಟಳು. ದುಡ್ಡು ಹೊರದೇಶಕ್ಕೆ ಯಾವ ಉದ್ದೇಶಕ್ಕೆ ಹೋಗುತ್ತಿದೆ ಎಂದು ಅದರಲ್ಲಿ ಬರೆಯಬೇಕು, ಅದಕ್ಕೊಂದು ಕೋಡ್ ನಂಬರು ಬೇರೆ.

"ಉದ್ದೇಶ ಏನು ಸಾರ್? ಮಗನ ಫೀಸಾ, ಟ್ರೀಟ್‌ಮೆಂಟಾ?"

"ಗಾಲಿ ಕಣಮ್ಮ."

"ಕಾರಿಂದಾ?"

"ರೈಲಿಂದು."

ಆಕೆ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದಳು. ಅವರು ನನ್ನನ್ನು ಕೂರಿಸಿ, ನೀರು ಕೊಟ್ಟು, ಕಳಿಸುವ ಮೊತ್ತಕ್ಕಿಂತ ಕಳಿಸುವ ಖರ್ಚೇ ಜಾಸ್ತಿ ಎಂದು ಮೆತ್ತಗೆ ತಿಳಿಹೇಳಿದರು. ಮನೆಯಲ್ಲಿ ಯಾರಾದರೂ ದೊಡ್ಡವರಿದ್ದಾರಾ ಎಂದು ಕೇಳುವುದೊಂದು ಬಾಕಿ.

ಕೊನೆಗೆ ರೆಡಿಂಗ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗನೇ ಗತಿಯಾದ. ಹಣ ಅವನು ಕಟ್ಟುವುದು, ಪೊಟ್ಟಣ ಅವನ ಮನೆಗೆ ಬರುವುದು, ಊರಿಗೆ ಬರುವಾಗ ಅವನೇ ತರುವುದು. ಅಂಚೆಯಲ್ಲಿ ತರಿಸುವ ಧೈರ್ಯ ನನಗಿರಲಿಲ್ಲ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇಕಡ 20ರಿಂದ 60ಕ್ಕೆ ಏರಿಸಿದ್ದರು. ನನ್ನದು ಆಟಿಕೆಯಲ್ಲ ಎಂದು ವಾದಿಸೋಣವೆಂದು ಸುಂಕದ ಪಟ್ಟಿ ತೆಗೆದು ನೋಡಿದರೆ, 9503ನೆಯ ಶೀರ್ಷಿಕೆಯಡಿ ಮೂರು ಗಾಲಿಯ ಸೈಕಲ್ಲು, ಗೊಂಬೆ, ಗೊಂಬೆಯ ತಳ್ಳುಗಾಡಿಗಳ ಸಾಲಿನಲ್ಲೇ 'ಅಳತೆಗೆ ತಕ್ಕಂತೆ ಕಿರಿದಾಗಿಸಿದ ಮಾದರಿಗಳು' ಕೂತಿವೆ. ಓಡಲಿ, ಓಡದಿರಲಿ, ಎಲ್ಲ ಒಂದೇ. ಇದನ್ನು ಜೋರಾಗಿ ಓದಬಾರದಿತ್ತು. "ನೋಡಿದ್ರಾ, ನಾನು ಹೇಳಿದ್ದನ್ನೇ ಸರ್ಕಾರಾನೂ ಹೇಳಿದೆ" ಎಂದಳು ನನ್ನವಳು.

28 ದಿನ ಕಳೆದವು. ನೆನಪಿನ ಓಲೆ ಬರೆದೆ. ಬಹಳ ಸಭ್ಯವಾದ ಉತ್ತರ ಬಂತು: ಲೋಹದ ಪಟ್ಟಿ ತಿರುವಿಕೊಡುವವರು ಬೇರೆ ಊರಿನವರು, ಅವರಿಗೆ ಬೆನ್ನು ನೋವು. ಮುಂದಿನ ಸಲ ಬರೆದಾಗ ಬೆನ್ನು ವಾಸಿಯಾಗಿತ್ತು, ಆದರೆ ಒಮ್ಮೆಗೆ ಇಂತಿಷ್ಟು ಗಾಲಿ ಸೇರದೆ ಅಚ್ಚು ಹೂಡಿದರೆ ಗಿಟ್ಟುವುದಿಲ್ಲವಂತೆ, 16 ಮಿ.ಮೀ. ಕೇಳಿದವನು ಸದ್ಯಕ್ಕೆ ನಾನೊಬ್ಬನೇ. ಆಮೇಲೆ ಅವರದೇ ಮಂಡಿಚಿಪ್ಪಿನ ಆಪರೇಷನ್ನು. ಪ್ರತಿ ಓಲೆಯ ಕೊನೆಗೂ ಒಂದೇ ಮಾತು: ಬಹುತೇಕ ಮುಂದಿನ ವಾರ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ದೆವ್ವದ ಹೆದರಿಕೆಗೆ ಮನೆಮನೆಯ ಬಾಗಿಲ ಮೇಲೂ 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ದೆವ್ವ ಬಂದು, ಓದಿ, ಹಿಂದಿರುಗಿ, ಮರುದಿನ ಮತ್ತೆ ಬಂದು ಮತ್ತೆ ಅದನ್ನೇ ಓದುತ್ತಿತ್ತಂತೆ. ಎಲ್ಲರೂ ಮನೆಯವರ ಜಾಣತನ ಹೊಗಳಿದರೇ ಹೊರತು ಆ ದೆವ್ವದ ಕಷ್ಟ ಏನೆಂದು ಯಾರೂ ಕೇಳಲಿಲ್ಲ. ನಾನು ಈಗ ಹೇಳಬಲ್ಲೆ. ಸರ್ಕಾರಿ ಕಚೇರಿಯ ಕಿಟಕಿಯ ಹಿಂದೆ ಕೂತು ಸರ್ವೀಸು ಪೂರ್ತಿ ಅದೇ ಎರಡು ಶಬ್ದಗಳನ್ನು, ಬಹುವಚನದಲ್ಲಿ, ಜನಕ್ಕೆ ಹೇಳಿದವನು ನಾನು. ನನ್ನ ಉಚ್ಚಾರಣೆ ಇಷ್ಟು ಮಧುರವಾಗಿರಲಿಲ್ಲ, ಅಷ್ಟೇ ವ್ಯತ್ಯಾಸ.

ತಡೆಯಲಾರದೆ ಅಳಿಯನಿಂದ ಫೋನ್ ಮಾಡಿಸಿದೆ. ಎತ್ತಿದವರು ಆ ಮಹಾಶಯರ ಹೆಂಡತಿ. "ಅವರು ಷೆಡ್ಡಿನಲ್ಲಿದ್ದಾರೆ" ಎಂದರಂತೆ. ಯಾವಾಗ ಹೊರಗೆ ಬರುತ್ತಾರೆ ಎಂದದ್ದಕ್ಕೆ, "ಮದುವೆಯಾದಾಗಿನಿಂದ ನಾನೂ ಅದನ್ನೇ ಕಾಯುತ್ತಿದ್ದೇನೆ ಮಗು" ಎಂದು ನಿಟ್ಟುಸಿರು ಬಿಟ್ಟರಂತೆ. ನನ್ನವಳಿಗೆ ಇದನ್ನು ತಿಳಿಸಿದಾಗ ಆಕೆಗೆ ಆ ಹೆಂಗಸಿನ ಫೋನ್ ನಂಬರು ಬೇಕಾಯಿತು. ಕೊಡಲಿಲ್ಲ.

ಅಷ್ಟರಲ್ಲಿ ನವೆಂಬರು. ಬರ್ಮಿಂಗ್‌ಹ್ಯಾಮಿನ ಎನ್.ಇ.ಸಿ.ಯಲ್ಲಿ ಆಗೆಲ್ಲ ವಾರ್ಲಿ ಕ್ಲಬ್ಬಿನವರ ದೊಡ್ಡ ಮಾದರಿ ರೈಲು ಪ್ರದರ್ಶನ ನಡೆಯುತ್ತಿತ್ತು. ನಮ್ಮ ಷೆಡ್ಡಿನವರೂ ಅಲ್ಲಿ ಮೇಜು ಹಾಕುತ್ತಾರೆಂದು ಗೊತ್ತಾಯಿತು. ಭಾನುವಾರದ ನಿದ್ದೆ ಬಿಡಿಸಿ ಅಳಿಯನನ್ನು ಅಟ್ಟಿದೆ. ಅಲ್ಲಿಂದಲೇ ಫೋನ್ ಮಾಡಿದ.

"ಮಾವ, ಸಿಕ್ಕಿದ್ರು. ಮೇಜಿನ ಮೇಲೆ 16 ಮಿಲಿಮೀಟರಿಂದು ಇದೆ. ಕಣ್ಣೆದುರಿಗೇ ಇದೆ."

"ತಗೊಳ್ಳೋ ಮತ್ತೆ!"

"ಕೊಡಲ್ವಂತೆ. ಇದು ಪ್ರದರ್ಶನದ ಸ್ಟಾಕು, ನಿಮ್ಮದು ಪೋಸ್ಟಿನ ಆರ್ಡರು, ಅದು ಮನೇಲಿ ಬೇರೆ ಪುಸ್ತಕದಲ್ಲಿದೆಯಂತೆ."

"ಹಾಗಾದ್ರೆ ಪ್ರದರ್ಶನಕ್ಕೆ ಬಂದ ಗಿರಾಕಿ ಅಂತ ಹೇಳಿ ದುಡ್ಡು ಕೊಟ್ಟು ತಗೋ."

"ಅದೂ ಕೇಳಿದೆ ಮಾವ. ಹಾಗೆ ಮಾಡಿದ್ರೆ ನಿಮಗೆ ಎರಡು ಸೆಟ್ ಹೋದಂಗಾಗುತ್ತೆ, ಕಾಯ್ತಿರೋ ಬೇರೆಯವರಿಗೆ ಅನ್ಯಾಯ ಅಂತಾರೆ. ತುಂಬಾ ಒಳ್ಳೆಯವರು ಮಾವ. ಟೀ ಕೊಡಿಸಿದ್ರು."

ನಿಯಮ ಎಂದರೆ ನಿಯಮ. ಸರ್ಕಾರಿ ನೌಕರಿಯಲ್ಲಿ ಈ ಮನುಷ್ಯ ನನಗಿಂತ ಎರಡು ಗ್ರೇಡ್ ಮೇಲೆ ಹೋಗಿರುತ್ತಿದ್ದ.

ಮುಂದಿನ ದಸರಾ ಬಂತು. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ. ಗಾಲಿಯಿಲ್ಲದ ವೈ.ಪಿ.ಯನ್ನು ಕಪಾಟಿನಲ್ಲಿ ಯಾಕೆ ದೂಳು ಹಿಡಿಸುವುದೆಂದು ನನ್ನವಳು ಅದನ್ನು ಮೂರನೆಯ ಮೆಟ್ಟಿಲಲ್ಲಿ, ಪಟ್ಟದ ಗೊಂಬೆಗಳ ಕಾಲ ಕೆಳಗೆ, ಮಣ್ಣಿನ ಶೆಟ್ಟಿ ದಂಪತಿಯ ಪಕ್ಕಕ್ಕೆ ಇಟ್ಟಳು. ತಳದಲ್ಲಿ ಒತ್ತು ಕೊಟ್ಟದ್ದು ಎರಡು ಬೆಂಕಿಪೊಟ್ಟಣ. ಗೊಂಬೆ ನೋಡಲು ಬಂದ ಮಕ್ಕಳೆಲ್ಲ ಕೇಳಿದ್ದು ಒಂದೇ ಪ್ರಶ್ನೆ, "ಅಜ್ಜಿ, ಇದು ಓಡುತ್ತಾ?" ಆಕೆ ಚರ್ಪು ಹಂಚುತ್ತಾ, "ಅಜ್ಜನ್ನ ಕೇಳು ಮರಿ" ಎನ್ನುತ್ತಿದ್ದಳು. ಅಜ್ಜ ಕೋಣೆಯಲ್ಲಿ ಕದ ಹಾಕಿಕೊಂಡಿದ್ದ.

ಅಂತೂ ಅಳಿಯ ರಜಕ್ಕೆ ಬಂದಾಗ ಪೊಟ್ಟಣ ತಂದ. ಹಳೆಯ ಕಾಲದ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿ, ಮುಚ್ಚಳಕ್ಕೆ ಅಂಟುಪಟ್ಟಿ. ಅಲ್ಲಾಡಿಸಿದರೆ ಗಿಲಕಿಯ ಸದ್ದು. ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಫ್ಯಾನ್ ಆರಿಸಿ ಬಿಚ್ಚಿದೆ. ಒಳಗೆ ಹತ್ತಿಯಲ್ಲಿ ಸುತ್ತಿದ ಗಾಲಿಗಳು. ಬೆಳಕಿಗೆ ಹಿಡಿದರೆ ಒಂದೊಂದು ಕಡ್ಡಿಯೂ ನವುರಾಗಿ, ತುದಿಯಲ್ಲಿ ಸಣ್ಣಗಾಗಿ, ಅಂಚಿನ ಪಟ್ಟಿ ಬೆಳ್ಳಿಯಂತೆ. ಇಷ್ಟು ಚೆಂದದ ಕೆಲಸ ನಾನು ನೋಡಿರಲಿಲ್ಲ, ಬಯ್ಯಬೇಕೆಂದು ಕೂಡಿಟ್ಟುಕೊಂಡದ್ದೆಲ್ಲ ಗಂಟಲಲ್ಲೇ ಕರಗಿತು. ಆಮೇಲೆ ಎಣಿಸಿದೆ. ನಾಲ್ಕು. ಡಬ್ಬಿಯ ತಳದಲ್ಲಿ ಒಂದು ಚೀಟಿ, ಮುದ್ದಾದ ಕೈಬರಹ: "ಸದ್ಯಕ್ಕೆ ಇಷ್ಟೇ ಇದ್ದವು. ಎರಡು ಬಾಕಿ. ಬಹುತೇಕ ಮುಂದಿನ ವಾರ."

ಉಗಿ ಎಂಜಿನ್ನನ್ನು ಗಾಲಿಯ ಲೆಕ್ಕದಿಂದ ಗುರುತಿಸುವುದು ವಾಡಿಕೆ. ವೈ.ಪಿ.ಗೆ ಮುಂದೆ ನಾಲ್ಕು ಪುಟ್ಟ ಗಾಲಿ, ನಡುವೆ ಆರು ದೊಡ್ಡವು, ಹಿಂದೆ ಎರಡು. ಈ 4-6-2 ಜೋಡಣೆಗೆ ಪೆಸಿಫಿಕ್ ಎಂದು ಹೆಸರು. ನಡುವೆ ನಾಲ್ಕೇ ಇದ್ದರೆ ಅದು 4-4-2, ಅದರ ಹೆಸರು ಅಟ್ಲಾಂಟಿಕ್. ಪೆಸಿಫಿಕ್ ದಾಟಲು ಹೊರಟ ನಾನು ದುಡ್ಡು ಕೊಟ್ಟು ಅಟ್ಲಾಂಟಿಕ್‌ನಲ್ಲಿ ನಿಂತಿದ್ದೆ. "ನಾಲ್ಕು ಗಾಲಿಯಲ್ಲೇ ಕಾರು ಓಡಲ್ವೇನ್ರಿ" ಎಂದು ನನ್ನವಳು ಸಮಾಧಾನ ಹೇಳಿದಳು.

ಆ ರಾತ್ರಿ ಖಾರವಾದ ಪತ್ರ ಬರೆಯಲು ಕೂತೆ. 'ತೀವ್ರ ಅಸಮಾಧಾನ', 'ಗ್ರಾಹಕರ ಹಕ್ಕು', 'ಹಣ ವಾಪಸ್ಸು' ಎಲ್ಲ ಬಂತು. ಆಮೇಲೆ ಯೋಚನೆ ಹತ್ತಿತು. ಈ ಮನುಷ್ಯ ಸಿಟ್ಟಾಗಿ ಗಾಲಿ ಕೊಡದಿದ್ದರೆ ನಾನು ಇನ್ನೆಲ್ಲಿಗೆ ಹೋಗಲಿ? ಗಿರಾಕಿ ದೇವರು ಅನ್ನುವುದು ಎರಡು ಅಂಗಡಿ ಇರುವ ಊರಿನ ಮಾತು. 'ತೀವ್ರ' ಹೊಡೆದುಹಾಕಿದೆ. 'ಹಣ ವಾಪಸ್ಸು' ಹೋಯಿತು. 'ಹಕ್ಕು' ಹೋಯಿತು. ಬೆಳಗ್ಗೆ ಕಳಿಸಿದ ಪತ್ರದಲ್ಲಿ ಉಳಿದದ್ದು: ಗಾಲಿಗಳು ತಲುಪಿದವು, ಅದ್ಭುತವಾಗಿವೆ, ನಿಮ್ಮ ಮಂಡಿ ಈಗ ಹೇಗಿದೆ?

ಮಂಡಿ ಚೆನ್ನಾಗಿದೆಯಂತೆ. ಆದರೆ ವಯಸ್ಸಾಯಿತೆಂದು ವ್ಯಾಪಾರ ನಿಲ್ಲಿಸುತ್ತಿದ್ದಾರಂತೆ. ಲೇತು, ಅಚ್ಚು, ಆರ್ಡರ್ ಪುಸ್ತಕ ಎಲ್ಲವನ್ನೂ ಇನ್ನೊಬ್ಬ ನಿವೃತ್ತರಿಗೆ ಕೊಡುವ ಮಾತುಕತೆ ನಡೆದಿದೆ. ಅವರ ಷೆಡ್ಡು ಇನ್ನೂ ಕಟ್ಟಿಸಬೇಕು. ನನ್ನ ಎರಡು ಗಾಲಿಗಳು ಪುಸ್ತಕದಲ್ಲಿ ಭದ್ರವಾಗಿವೆ ಎಂದು ಭರವಸೆ ಕೊಟ್ಟಿದ್ದಾರೆ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದ ಮೇಲೆ, ವಿಲಾಯಿತಿಗೆ ಹೋಗಿಬಂದ ತಾತನ ಟ್ರಂಕಿನಲ್ಲಿ, ಹಳೆಯ ಟಿ.ಟಿ. ಅಳತೆಯ ರೈಲಿನ ಡಬ್ಬವೇನಾದರೂ ಇದ್ದರೆ ಒಮ್ಮೆ ತೆಗೆದು ನೋಡಿ. ಸುಮಾರು 16 ಮಿ.ಮೀ.ನ ಕಡ್ಡಿಗಾಲಿ ಎರಡೇ ಎರಡು ಸಿಕ್ಕರೂ ಸಾಕು, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಹಣ ಮುಂಗಡ ಕಳಿಸುತ್ತೇನೆ, ಚೆಕ್ಕಾದರೂ ಸರಿ. ಸ್ಟಾಂಪು ಹಚ್ಚಿದ ಲಕೋಟೆಯೂ ಜೊತೆಗಿರುತ್ತದೆ. ಫೋನ್ ಮಾಡಿ ಪೀಡಿಸುವುದಿಲ್ಲ.