ಸಸಿ ಸತ್ತರೆ ನನ್ನ ಪುಣ್ಯ: ಒಂದು ಅಮೃತ ಮಹಲ್ ಕಾವಲಿನ ಸಂದರ್ಶನ

ಹುಲಿ ನೋಡಬೇಕೆಂದರೆ ಸಫಾರಿ ಜೀಪು ಉಂಟು, ಆನೆ ನೋಡಬೇಕೆಂದರೆ ಶಿಬಿರ ಉಂಟು. ಅಮೃತ ಮಹಲ್ ಕಾವಲು ಎಂಬ ಹುಲ್ಲುಗಾವಲು ನೋಡಲು ಹೊರಟರೆ ಬಸ್ಸಿನ ಕಂಡಕ್ಟರು ಕೂಡ ‘ಅಲ್ಲೇನಿದೆ ಸಾರ್, ಬಟ್ಟಾಬಯಲು’ ಎಂದು ಟಿಕೆಟ್ ಹರಿಯಲು ಹಿಂದೆಮುಂದೆ ನೋಡುತ್ತಾನೆ. ಕಡೂರು, ಹೊಸದುರ್ಗ, ಅರಸೀಕೆರೆ ಸೀಮೆಗಳ ನಡುವೆ ಎಲ್ಲೋ ಮಲಗಿರುವ ಈ ಹಿರಿಯರು ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಮಾತಿಗೆ ಒಪ್ಪಿದರು. ಹೆಸರು ಪೇಪರಿನಲ್ಲಿ ಬಂದ ವಾರದೊಳಗೆ ಯಾವುದಾದರೂ ಯೋಜನೆ ಹುಡುಕಿಕೊಂಡು ಬರುತ್ತದೆ ಎಂಬುದು ಅವರ ಭಯ.

ಪ್ರಶ್ನೆ: ಅಜ್ಜಾ, ಓದುಗರಿಗೆ ನಿಮ್ಮ ಪರಿಚಯ ಹೇಳಿ.

ಕಾವಲು: ಕೂತ್ಕೊ ತಮ್ಮಾ, ತಂಗಡಿ ಗಿಡದ ಹತ್ರ ಕೂತ್ಕೊಬೇಡ, ಇರುವೆ ಇದಾವೆ. ನಾನು ಸರ್ಕಾರಿ ನೌಕರ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ನಮ್ಮ ಇಲಾಖೆ ಹೆಸರು ಬೆಣ್ಣೆ ಚಾವಡಿ. ಟಿಪ್ಪು ಬಂದ ಮೇಲೆ ಅಮೃತ ಮಹಲ್ ಅಂತ ಹೆಸರು ಬದಲಾಯ್ತು, ದನ ಹೆಂಗೆ ಸಾಕಬೇಕು ಅಂತ ಹುಕುಂನಾಮೆನೂ ಬಂತು. ಕೆಲಸ ಮಾತ್ರ ಅದೇ: ಹುಲ್ಲು ಬೆಳೆಯೋದು, ದನ ಮೇಯಿಸೋದು. ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿ ಚಿದಂಬರಕ್ಕೆ ಹೋದ ಅಂತ ಗೆಜೆಟಿಯರಲ್ಲಿ ಬರೆದಿದಾರಲ್ಲ, ಅವನ ಸಾಮಾನು ಎಳೆದ ಎತ್ತುಗಳು ತಿಂದಿದ್ದು ನಮ್ಮ ಹುಲ್ಲು. ನಿಮ್ಮಂಥ ಪತ್ರಿಕೆಯವರು ಆಗ ಇದ್ದಿದ್ರೂ ಎತ್ತನ್ನ ಬಿಟ್ಟು ಹೈದರನ ಸಂದರ್ಶನನೇ ಮಾಡ್ತಿದ್ರಿ.

ಪ್ರಶ್ನೆ: ಸೇವಾವಧಿಯಲ್ಲಿ ಯಾವಾಗಲಾದರೂ ಅಮಾನತು ಆಗಿದ್ದುಂಟಾ?

ಕಾವಲು: ಒಂದ್ಸಲ. 1860ರಲ್ಲಿ ಇಂಗ್ಲಿಷರಿಗೆ ಖರ್ಚು ಕಮ್ಮಿ ಮಾಡೋ ಹುಕಿ ಬಂತು. ಇಲಾಖೆ ಮುಚ್ಚಿ ದನ ಎಲ್ಲ ಮಾರಿಹಾಕಿದ್ರು. ದೊಡ್ಡ ಗಿರಾಕಿ ಯಾರು ಗೊತ್ತಾ? ಈಜಿಪ್ಟಿನ ಪಾಷಾ! ಅಜ್ಜಂಪುರದ ಗಾಳಿ ಕುಡಿದು ಬೆಳೆದ ಹೋರಿಗಳು ಹಡಗು ಹತ್ತಿದ್ವು. ಆಮೇಲೆ ದಂಡಿಗೆ ಒಳ್ಳೆ ಎತ್ತು ಸಿಗದೆ, ಸಿಕ್ಕಿದ್ದಕ್ಕೆ ರೇಟು ಏರಿ, 1866ರಲ್ಲಿ ಮತ್ತೆ ಇಲಾಖೆ ತೆರೆದ್ರು. ಆರೇ ವರ್ಷಕ್ಕೆ ತಪ್ಪು ಒಪ್ಪಿಕೊಂಡ ಸರ್ಕಾರ ಅಂತ ನಾನು ಕಂಡಿದ್ದು ಅದೊಂದೇ.

ಪ್ರಶ್ನೆ: ಆಗಿನ ನಿರ್ವಹಣೆ ಅಂದರೆ ಹೇಗೆ? ಬೇಲಿ, ಸಿಸಿಟಿವಿ ಏನೂ ಇರಲಿಲ್ಲವಲ್ಲ?

ಕಾವಲು: ಲೆಕ್ಕ ಇತ್ತು. ನಮ್ಮಲ್ಲಿ ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆದು ಬೇರೆ. ನೀರು, ನೆರಳು ಇದ್ದು ಕೆರೆ ಅಂಗಳದಲ್ಲಿ ಹಸಿರು ಉಳಿಯೋ ಕಡೆಗೆ ಬೇಸಿಗೆಲಿ ದನ ಹೊಡೀತಿದ್ರು. ಮಳೆ ಬಿದ್ದ ಮೇಲೆ ಬೇರೆ ಕಡೆ. ಒಬ್ಬ ಮೇಯಿಸಿಕೊಳ್ಳುವಾಗ ಇನ್ನಿಬ್ಬರು ಸುಧಾರಿಸ್ಕೊತಿದ್ವಿ. ಕಾವಲುಗಾರನಿಗೆ ಓದು ಬರ್ತಿರಲಿಲ್ಲ, ಆದ್ರೆ ಯಾವ ಮಳೆಗೆ ಯಾವ ಹುಲ್ಲು ತಲೆ ಎತ್ತುತ್ತೆ ಅಂತ ಬಾಯಿಪಾಠ ಇತ್ತು. ಈಗಿನವರಿಗೆ ಜಿಪಿಎಸ್ಸಲ್ಲಿ ನನ್ನ ನಾಲ್ಕು ಮೂಲೆ ಗೊತ್ತು, ಮಧ್ಯ ಏನಿದೆ ಅಂತ ಗೊತ್ತಿಲ್ಲ.

ಪ್ರಶ್ನೆ: ಮಧ್ಯ ಏನಿದೆ?

ಕಾವಲು: ನಿನ್ನ ಪ್ಯಾಂಟಿಗೆ ಚುಚ್ಚಿಕೊಂಡಿದೆ ನೋಡು ಈಟಿಹುಲ್ಲಿನ ಬೀಜ, ಅದನ್ನ ಕಿತ್ತು ಅಂಗೈ ಮೇಲಿಟ್ಕೊ. ಬಾಟ್ಲಿಯಿಂದ ಒಂದು ತೊಟ್ಟು ನೀರು ಹಾಕು.

(ಹಾಕಿದೆ. ಬೆರಳುದ್ದದ ಕಂದು ಬಾಲ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ತಾನಾಗಿ ತಿರುಗತೊಡಗಿತು. ಚೂಪಾದ ತುದಿ ಅಂಗೈ ಚರ್ಮವನ್ನೇ ಕೊರೆಯಲು ಜಾಗ ಹುಡುಕಿತು.)

ಕಂಡೆಯಾ? ಮಳೆ ಹನಿ ಬಿದ್ದರೆ ತಾನೇ ತಿರುಚಿಕೊಂಡು ನೆಲದೊಳಕ್ಕೆ ಇಳಿಯುತ್ತೆ. ಅದರ ಬಿತ್ತನೆ ಅದೇ ಮಾಡ್ಕೊಳುತ್ತೆ. ಗುಂಡಿ ತೋಡೋ ಟೆಂಡರ್ ಇಲ್ಲ, ನೀರು ಹಾಕೋ ಟ್ಯಾಂಕರ್ ಬಿಲ್ಲಿಲ್ಲ. ಅದಕ್ಕೇ ಇರಬೇಕು, ಇದೂ ಒಂದು ಗಿಡ ಅಂತ ಯಾವ ಆಫೀಸರಿಗೂ ಅನ್ನಿಸಲ್ಲ.

ಪ್ರಶ್ನೆ: ಮರ ನೆಡುವುದಕ್ಕೆ ನಿಮ್ಮ ವಿರೋಧವಾ? ಓದುಗರು ಬೇಜಾರು ಮಾಡಿಕೊಂಡಾರು.

ಕಾವಲು: ಮರ ಮಲೆನಾಡಲ್ಲಿ ಇರಲಿ, ರಸ್ತೆ ಬದಿ ಇರಲಿ, ನಿಮ್ಮ ಮನೆ ಮುಂದೆ ಇರಲಿ, ಯಾರು ಬೇಡ ಅಂದ್ರು? ನನ್ನ ಎದೆ ಮೇಲೆ ಯಾಕೆ? ಜುಲೈ ಬಂದ್ರೆ ವನಮಹೋತ್ಸವ. ಶಾಮಿಯಾನ, ಬಿಸಿಬಿಸಿ ಉಪ್ಪಿಟ್ಟು, ಶಾಲೆ ಮಕ್ಕಳ ಕೈಯಲ್ಲಿ ಫಲಕ. ಮೊದಲು ಜೆಸಿಬಿ ಬಂದು ಟ್ರೆಂಚ್ ಹೊಡೆಯುತ್ತೆ. ನೂರಾರು ವರ್ಷದ ಬೇರಿನ ಹೆಣಿಗೆ ಅರ್ಧ ದಿನದಲ್ಲಿ ಕಿತ್ತು ಹೋಗುತ್ತೆ. ಟಿಟ್ಟಿಭ ಗೂಡು ಕಟ್ಟಲ್ಲ ನೋಡು. ನೆಲದಲ್ಲೊಂದು ಸಣ್ಣ ಕುಳಿ, ಸುತ್ತ ಒಂದಷ್ಟು ಬೆಣಚುಕಲ್ಲು, ಒಳಗೆ ನಾಲ್ಕು ಮೊಟ್ಟೆ. ಕಲ್ಲು ಯಾವುದು, ಮೊಟ್ಟೆ ಯಾವುದು ಅಂತ ನರಿಗೂ ಗೊತ್ತಾಗಲ್ಲ. ಜೆಸಿಬಿಗೆ ಹೇಗೆ ಗೊತ್ತಾಗಬೇಕು? ಅದರ ಮೇಲೆ ಒಂದು ಅಕೇಶಿಯ ಸಸಿ ಇಟ್ಟು ಪರಿಸರ ಉಳಿಸಿದೆವು ಅಂತ ಚಪ್ಪಾಳೆ. ಆ ಸಸಿ ಸತ್ತರೆ ನನ್ನ ಪುಣ್ಯ, ಬದುಕಿದರೆ ನನ್ನ ಗ್ರಹಚಾರ.

ಪ್ರಶ್ನೆ: ಕಾಡು ಬೆಳೆದರೆ ವನ್ಯಜೀವಿಗಳಿಗೆ ಅನುಕೂಲ ತಾನೇ?

ಕಾವಲು: ಯಾವ ಜೀವಿಗೆ ಅಂತ ಕೇಳಬೇಕು ಮೊದಲು. ಕೃಷ್ಣಮೃಗ ಬದುಕೋದು ಕಣ್ಣಿಂದ, ಕಾಲಿಂದ. ತೋಳ ಎಲ್ಲಿದೆ ಅಂತ ಫರ್ಲಾಂಗು ದೂರದಿಂದ ಕಾಣಬೇಕು, ಕಂಡ ಕೂಡಲೆ ಓಡೋಕೆ ಬಯಲು ಬೇಕು. ಮಧ್ಯ ಮರದ ಸಾಲು ನಿಲ್ಲಿಸಿದ್ರೆ ಕಣ್ಣೂ ಹೋಯ್ತು, ಕಾಲೂ ಹೋಯ್ತು. ರಾಣೆಬೆನ್ನೂರಲ್ಲಿ 1974ರಲ್ಲಿ ಕೃಷ್ಣಮೃಗಕ್ಕೇ ಅಂತ ಅಭಯಾರಣ್ಯ ಮಾಡಿದ್ರು. ಹೋಗಿ ನೋಡು, ಎಷ್ಟು ದೂರ ನಡೆದರೂ ನೀಲಗಿರಿ. ನೀಲಗಿರಿ ಎಲೆ ತಿನ್ನೋಕೆ ಅದೇನು ಆಸ್ಟ್ರೇಲಿಯಾದ ಪ್ರಾಣಿಯಾ? ಅಕ್ಕಪಕ್ಕದ ಹೊಲಕ್ಕೆ ನುಗ್ಗುತ್ತೆ, ರೈತ ಅರಣ್ಯ ಇಲಾಖೆಗೆ ಅರ್ಜಿ ಬರೀತಾನೆ. 2017ರಲ್ಲಿ ಸರ್ಕಾರವೇ ಇನ್ನು ನೀಲಗಿರಿ ನೆಡಬೇಡಿ ಅಂತ ಆದೇಶ ಮಾಡ್ತು. ಮಾಡಲಿ, ಸಂತೋಷ. ನೆಟ್ಟಿದ್ದನ್ನ ಕೀಳೋದು ಯಾರು ಅಂತ ಕೇಳಿದ್ರೆ ಎಲ್ಲರೂ ಮೇಲೆ ನೋಡ್ತಾರೆ.

ಎರೆಭೂತ ಹಕ್ಕಿಯ ಕತೆ ಕೇಳಿದ್ರೆ ಹೊಟ್ಟೆ ಉರಿಯುತ್ತೆ. ಇಡೀ ದೇಶದಲ್ಲಿ ಇನ್ನೂರು ಇಲ್ಲ. ನಮ್ಮ ಕಡೆ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಕಂಡಿದ್ವು. ಅದು ಹತ್ತು ಹದಿನೈದು ಕೇಜಿ ತೂಗೋ ಹಕ್ಕಿ ಅಂತ ತಿಳ್ಕೊಂಡು ಕೆಲವರು ಬಂದೂಕು ಹಿಡ್ಕೊಂಡು ಬಂದ ಕಾಲನೂ ಇತ್ತು. ಈಗ ಬಂದೂಕು ಬೇಡ, ಕರೆಂಟಿನ ತಂತಿ ಸಾಕು. ಎದುರು ನೇರಕ್ಕೆ ಅದಕ್ಕೆ ಕಣ್ಣು ಚೆನ್ನಾಗಿ ಕಾಣಲ್ಲ.

ಪ್ರಶ್ನೆ: ಚಳ್ಳಕೆರೆಯ ನಿಮ್ಮ ಬಂಧುಗಳು ಹೇಗಿದ್ದಾರೆ?

ಕಾವಲು: ದೊಡ್ಡ ಮನುಷ್ಯರಾಗಿದಾರೆ. ಉಳ್ಳಾರ್ತಿ, ಕುದಾಪುರ, ವರವು ಅಂತ ಅಣ್ಣತಮ್ಮಂದಿರು. ಸುಮಾರು ಹತ್ತು ಸಾವಿರ ಎಕರೆಯಲ್ಲಿ ಡಿಆರ್‌ಡಿಒ, ಇಸ್ರೊ, ಭಾಭಾ ಕೇಂದ್ರ, ವಿಜ್ಞಾನ ಸಂಸ್ಥೆ ಎಲ್ಲಾ ಬಂದ್ವು. ನಮ್ಮಣ್ಣ ಉಳ್ಳಾರ್ತಿಯ ಯೋಗ ನೋಡು. ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆ ಅಂತ ಮೈಮೇಲೆ ಗುಂಡಿ ತೋಡಿ ಚಂದ್ರನ ವೇಷ ಹಾಕಿಸಿದ್ರು. ಮೊನ್ನೆ ಫೋನಲ್ಲಿ ಹೇಳ್ತಿದ್ದ, ‘ಚಂದ್ರನ ಮೇಲೆ ಹುಲ್ಲು ಇಲ್ವಂತೆ ಕಣೋ, ಅದಕ್ಕೇ ನನ್ನ ಆರಿಸಿದಾರೆ’ ಅಂತ. ಹುಲ್ಲು ಇತ್ತಪ್ಪ, ನೋಡೋಕೆ ಬಂದವರು ಬೇಸಿಗೆಲಿ ಬಂದಿದ್ರು!

ದೇಶಕ್ಕೆ ರಾಕೆಟ್ಟು ಬೇಕು, ನಾನು ಬೇಡ ಅನ್ನಲ್ಲ. ಆದ್ರೆ ಮ್ಯಾಸಬೇಡರ ದೇವರ ಎತ್ತು ಹೊಡ್ಕೊಂಡು ಹೋಗ್ತಿದ್ದ ಕಿಲಾರಿ, ಗೋಡೆ ಮುಂದೆ ನಿಂತು ‘ನಮ್ಮ ದಾರಿ ಎಲ್ಲಿ ಹೋಯ್ತು’ ಅಂತ ಕೇಳಿದ. ಅದಕ್ಕೆ ಉತ್ತರ ಕೊಡೋಕೆ ಗೇಟಿನ ಸೆಕ್ಯುರಿಟಿಯವನಿಗೆ ಅಧಿಕಾರ ಇಲ್ಲ. ಕುರಿ ಮೇಯೋಕೆ ಬಯಲಿಲ್ಲ, ಉಣ್ಣೆ ಇಲ್ಲದೆ ಕಂಬಳಿ ನೇಯೋದು ಹೆಂಗೆ ಅಂತಲೂ ಚಳ್ಳಕೆರೆ ಸಂತೆಲಿ ಕೇಳಿದ್ರು. ಅದಕ್ಕೂ ಉತ್ತರ ಕೊಡೋರು ಯಾರೂ ಇರಲಿಲ್ಲ.

ಪ್ರಶ್ನೆ: ಒಟ್ಟು ಎಷ್ಟು ಉಳಿದಿದ್ದೀರಿ?

ಕಾವಲು: ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ಮೇಲಿದ್ವಿ. ಈಗ ಐದರಲ್ಲೊಂದು ಪಾಲೂ ಇಲ್ಲ. ಎಲ್ಲಾ ದೊಡ್ಡವರೇ ತಿಂದ್ರು ಅನ್ನೋಕೂ ಆಗಲ್ಲ. ಬಗರ್‌ಹುಕುಂ ಅಂತ ಫಾರಂ 50 ಬಂತು, 53 ಬಂತು, 57 ಬಂತು. ಒಬ್ಬೊಬ್ಬ ಬಡವನ ಹೆಸರಲ್ಲಿ ಅರ್ಜಿ, ನಿಜಕ್ಕೂ ಉಳೋನು ಯಾರೋ. ನನ್ನ ಮೇಲೆ ಹುಲ್ಲಿಗಿಂತ ಅರ್ಜಿ ದಟ್ಟವಾಗಿ ಬೆಳೆದ ವರ್ಷಗಳೂ ಇದಾವೆ. ಮಿಕ್ಕ ಜಾಗಕ್ಕೆ ಬಳ್ಳಾರಿ ಜಾಲಿ. ಅದಕ್ಕೆ ಯಾವ ಫಾರಮ್ಮೂ ಬೇಡ.

ಪ್ರಶ್ನೆ: ಈಚೆಗೆ ಇಂಗಾಲದ ವ್ಯಾಪಾರ ಮಾಡುವ ಕಂಪನಿಗಳು ಬರುತ್ತಿವೆಯಂತೆ?

ಕಾವಲು: ಬಂದಿದ್ರು, ಟೈ ಕಟ್ಕೊಂಡು. ‘ಇಲ್ಲಿ ಮರ ನೆಟ್ಟರೆ ಇಷ್ಟು ಟನ್ ಇಂಗಾಲ’ ಅಂತ ಲೆಕ್ಕ ತೋರಿಸಿದ್ರು. ನಾನಂದೆ, ಸ್ವಾಮಿ, ಮರ ಇಂಗಾಲನ ಒಡವೆ ತರ ಮೈಮೇಲೆ ಹಾಕ್ಕೊಂಡಿರುತ್ತೆ, ನಾನು ನೆಲದೊಳಗೆ ಹೂತಿಟ್ಟಿದೀನಿ. ಕಿಚ್ಚು ಬಿದ್ದರೆ ಅದರದ್ದು ಹೋಗುತ್ತೆ, ನಂದು ಬೇರಲ್ಲಿ ಉಳಿಯುತ್ತೆ. ಅದನ್ನೂ ಲೆಕ್ಕ ಹಾಕ್ಕೊಳ್ಳಿ. ‘ನೆಲದೊಳಗಿಂದು ಫೋಟೋದಲ್ಲಿ ಬರಲ್ಲ ಸಾರ್’ ಅಂದು ಹೋದ್ರು.

ಪ್ರಶ್ನೆ: ಕುರಿ, ದನ ಹೆಚ್ಚಾಗಿಯೇ ನೀವು ಬೋಳಾಗಿದ್ದೀರಿ ಎನ್ನುವವರೂ ಇದ್ದಾರೆ.

ಕಾವಲು: ಹೆಚ್ಚಾದ್ರೆ ಬೋಳಾಗ್ತೀನಿ, ಸುಳ್ಳಲ್ಲ. ವರ್ಷಪೂರ್ತಿ ಒಂದೇ ಕಡೆ ಮೇಯಿಸಿದ್ರೆ ಒಳ್ಳೆ ಹುಲ್ಲು ಸತ್ತು, ದನ ಮುಟ್ಟದ ಕಳೆ ಏಳುತ್ತೆ. ಆದ್ರೆ ಬಾಯೇ ತಾಗದಿದ್ರೂ ಕೆಟ್ಟೆ. ಹಳೆ ಹುಲ್ಲು ಒಣಗಿ ಮುದ್ದೆಯಾಗಿ ಹೊಸ ಚಿಗುರಿಗೆ ಬಿಸಿಲು ಸಿಗಲ್ಲ, ಜಾಲಿ ನುಗ್ಗುತ್ತೆ. ಹತ್ತು ಸಾವಿರ ಕುರಿಗೆ ಜಾಗ ಇದ್ದಾಗ ಎಂಟು ಸಾವಿರ ಎಕರೆ ಕಿತ್ಕೊಂಡು, ಉಳಿದಿದ್ರಲ್ಲಿ ಅದೇ ಕುರಿ ನಿಂತಾಗ ‘ನೋಡಿ, ಕುರುಬರು ಹಾಳು ಮಾಡಿದ್ರು’ ಅಂದ್ರೆ? ತೋಳಕ್ಕೆ ಇವರಿಗಿಂತ ಹೆಚ್ಚು ಕುರುಬನ ಮೇಲೆ ನಂಬಿಕೆ ಇದೆ. ತಿಂಗಳಿಗೊಂದು ಮರಿ ಎತ್ಕೊಂಡು ಹೋಗುತ್ತೆ, ಅವನು ಬೈದು ಸುಮ್ಮನಾಗ್ತಾನೆ. ಕೊಪ್ಪಳದ ಬಂಕಾಪುರದಲ್ಲಿ ಈಚೆಗೆ ತೋಳಕ್ಕೇ ಅಂತ ಧಾಮ ಆಗಿದೆ. ಅಲ್ಲಿ ಕುರಿ ಹಟ್ಟಿ ಸುತ್ತಮುತ್ತ ಇರೋವರೆಗೆ ತೋಳನೂ ಇರುತ್ತೆ.

ಪ್ರಶ್ನೆ: ಬಾಸೂರಿನ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರಲ್ಲ. ನಿಮಗೂ ಅಂಥದ್ದು ಬೇಕಾ?

ಕಾವಲು: ಬೇಕು. ಆದ್ರೆ ಕೆಲಸ ಮಾಡೋವರು ಬೇಕು, ಬರೀ ಬೋರ್ಡಲ್ಲ. ಜಾಲಿಯನ್ನ ಬೇರು ಸಮೇತ ಕೀಳಬೇಕು. ಮುಂಗಾರು ಬಿದ್ದಾಗ ಗೇಟ್ ಮುಚ್ಚಬೇಕು, ಬೀಜ ಉದುರಿದ ಮೇಲೆ ತೆಗೆಯಬೇಕು. ಅದನ್ನ ನೋಡ್ಕೊಳೋ ಕಾವಲುಗಾರನಿಗೆ ಪ್ರತಿ ತಿಂಗಳು ಸಂಬಳ ಬೀಳಬೇಕು. ಇಷ್ಟೇ.

ಪ್ರಶ್ನೆ: ಇದರಲ್ಲಿ ಉದ್ಘಾಟನೆ ಮಾಡುವುದಕ್ಕೆ ಏನಿದೆ ಅಜ್ಜಾ? ಯಾವ ಮಂತ್ರಿ ಬರುತ್ತಾರೆ?

ಕಾವಲು: ಗೇಟನ್ನೇ ಮಾಡಲಿ. ಮುಚ್ಚುವಾಗ ಒಂದು ಸಮಾರಂಭ, ತೆಗೆಯುವಾಗ ಒಂದು. ವರ್ಷಕ್ಕೆ ಎರಡು ಸಲ ಟೇಪು ಕತ್ತರಿಸಬಹುದು, ವನಮಹೋತ್ಸವಕ್ಕಿಂತ ಒಂದು ಸಲ ಜಾಸ್ತಿನೇ ಆಯ್ತು. ಉಪ್ಪಿಟ್ಟೂ ಇರಲಿ. ಊಟದೆಲೆ ಮಾತ್ರ ಮುತ್ತುಗದ್ದು ತರೋಕೆ ಹೇಳು. ಪ್ಲಾಸ್ಟಿಕ್ ಬಿಟ್ಟು ಹೋದ್ರೆ ಸಂಜೆಗೆ ದನ ತಿಂತವೆ.