ಪಾಪ, ಇರಲಿ ಬಿಡಿ!

ಗುಲಾಬಿ ಬೆಳೆಸುವವರ ಗತ್ತೇ ಬೇರೆ. ಆರ್ಕಿಡ್ ಬೆಳೆಸುವವರಂತೂ ನಮ್ಮಂಥವರ ಜೊತೆ ಮಾತೇ ಆಡುವುದಿಲ್ಲ. ಜೀನಿಯಾದವರಿಗೆ ಮಾತ್ರ ಕಾಸಿನ ಮರ್ಯಾದೆಯಿಲ್ಲ. ಬೀಜ ಉದುರಿಸಿದರೆ ವಾರದೊಳಗೆ ಮೊಳಕೆ, ಎರಡು ಎರಡೂವರೆ ತಿಂಗಳಿಗೆ ಹೂವು. ಬಿಸಿಲೊಂದಿದ್ದರೆ ಸಾಕು. ಇಷ್ಟು ಸಲೀಸಾದದ್ದಕ್ಕೆ ಯಾರು ಶಾಲು ಹೊದಿಸುತ್ತಾರೆ, ಹೇಳಿ?

ಆದರೆ ಈ ಮೆಕ್ಸಿಕೋ ಗಿಡದ ಗಮ್ಮತ್ತು ಹೂವಿನ ಹೊಟ್ಟೆಯಲ್ಲಿದೆ. ನಾವು ಎಸಳು ಎಂದು ಎಣಿಸುವ ಒಂದೊಂದೂ ಒಂದೊಂದು ಹೆಣ್ಣು ಹೂವು. ಬುಡದಲ್ಲಿ ಇಣುಕಿ, ಎರಡಾಗಿ ಸೀಳಿದ ಹಳದಿ ಎಳೆ ಕಾಣುತ್ತದೆ. ಪರಾಗ ಹಿಡಿಯುವುದು ಅದೇ. ನಡುವೆ ಐದು ಮೂಲೆ ತೆರೆದು ಅರಳುವ ಪುಟಾಣಿ ಹಳದಿ ಹೂಗಳಿವೆಯಲ್ಲ, ಪರಾಗ ಇರುವುದು ಅಲ್ಲಿ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹುಬ್ಬು ತಿದ್ದುವ ಚಿಮಟದಿಂದ ಅಂಥದ್ದೊಂದನ್ನು ಕಿತ್ತು, ಇನ್ನೊಂದು ಗಿಡದ ಎಳೆಗೆ ಸವರಿದರೆ ನೀವೂ ತಳಿವಿಜ್ಞಾನಿ! ತಾಯಿಗಿಡದ ನಡುವಿನ ಹಳದಿ ಹೂಗಳನ್ನು ಅರಳುವ ಮುಂಚೆಯೇ ತೆಗೆಯುತ್ತಿರಬೇಕು, ಮೇಲೊಂದು ತೆಳು ಬಟ್ಟೆಯ ಚೀಲ ಕಟ್ಟಬೇಕು. ಇಲ್ಲವಾದರೆ ನೀವು ಕಾಫಿ ಮುಗಿಸಿ ಬರುವಷ್ಟರಲ್ಲಿ ಚಿಟ್ಟೆ, ಜೇನು ತಮಗೆ ತೋಚಿದಂತೆ ಕೆಲಸ ಮುಗಿಸಿ ಹೋಗಿರುತ್ತವೆ. ಚಿಮಟ ಯಾರದು, ಅದು ಕಾಣೆಯಾದದ್ದು ಗೊತ್ತಾದಾಗ ಮನೆಯಲ್ಲಿ ಏನಾಯಿತು ಎಂಬುದು ಸಸ್ಯಶಾಸ್ತ್ರಕ್ಕೆ ಸೇರಿದ ವಿಷಯವಲ್ಲ.

ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಎಸಳು ಒಣಗಿ ಕಂದಾದಾಗ ಎಳೆದರೆ ಬಾಣದ ಮೊನೆಯಂಥ ಚಪ್ಪಟೆ ಬೀಜ ಅದಕ್ಕೇ ಅಂಟಿಕೊಂಡು ಬರುತ್ತದೆ. ಅದನ್ನು ಮದುವೆ ಕಾಗದದ ಕವರಿಗೆ ಹಾಕಿ, ಮೇಲೆ ‘ಅಚ್ಚ ಕೆಂಪು’ ಎಂದು ಬರೆದೂ ಇಡುತ್ತೇವೆ. ಮುಂದಿನ ವರ್ಷ ಆ ಕವರಿನಿಂದ ಕಿತ್ತಳೆ, ನೇರಳೆ, ಬಿಳಿ ಎಲ್ಲ ಬರುತ್ತವೆ, ಕೆಂಪೊಂದು ಬಿಟ್ಟು. ಅಂಗಡಿಯ ಹೈಬ್ರಿಡ್ ಪೊಟ್ಟಣದ ಸಂತಾನವಾದರಂತೂ ಕೇಳಲೇಬೇಡಿ.

ಅಸಲಿ ಫಜೀತಿ ಇರುವುದು ಇದರಾಚೆ. ತಳಿ ತೆಗೆಯುವುದೆಂದರೆ ಬೇಡದ್ದನ್ನು ಕಿತ್ತೆಸೆಯುವುದು. ದೊಡ್ಡ ಹೂವಿನ ಜೀನಿಯಾವನ್ನು ಬೂದಿರೋಗಕ್ಕೆ ಬಗ್ಗದ ಕಿರಿದೆಲೆಯ ಜಾತಿಯೊಂದಿಗೆ ಬೆರೆಸಿ ಜಪಾನಿನ ಸಕಾಟ ಕಂಪನಿ ‘ಪ್ರೊಫ್ಯೂಷನ್’ ಹೊರತಂದಿತು. 1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಚಿನ್ನದ ಪದಕವೂ ಬಂತು. ಅಂಥ ತಳಿಯ ಹಿಂದೆ ಗೊಬ್ಬರದ ಗುಂಡಿ ಸೇರಿದ ಗಿಡಗಳ ಲೆಕ್ಕ ಪೊಟ್ಟಣದ ಮೇಲೆ ಇರುವುದಿಲ್ಲ. ನಾವೋ, ಪ್ಲಾಸ್ಟಿಕ್ ಕವರುಗಳನ್ನು ತುಂಬಿಡಲು ಇನ್ನೊಂದು ಕವರು ಇಟ್ಟುಕೊಂಡ ವಂಶದವರು. ಜೀವ ಇರುವ ಗಿಡಕ್ಕೆ ಕೈ ಹಾಕುತ್ತೇವೆಯೇ? “ಪಾಪ, ಒಂದು ಮೂಲೆಯಲ್ಲಿ ಇರಲಿ ಬಿಡಿ” ಎನ್ನುತ್ತೇವೆ. ಮೂಲೆಯಲ್ಲಿ ಉಳಿದದ್ದು ಒಂಟಿ ಸುತ್ತಿನ ಎಸಳಿನ, ತೊಳೆದು ತೊಳೆದು ಬಣ್ಣಗೆಟ್ಟ ಸೀರೆಯಂಥ ಗುಲಾಬಿ ಬಣ್ಣದ್ದು. ನಡು ಬಟ್ಟಬಯಲಾದ್ದರಿಂದ ಅದರಲ್ಲೇ ಪರಾಗ ಜಾಸ್ತಿ, ಜೇನಿಗೆ ಅದರ ಮೇಲೇ ಪ್ರೀತಿ. ತುಂಬು ಎಸಳಿನ ಸುಂದರಿಯರಲ್ಲಿ ಪರಾಗವೇ ಕಮ್ಮಿ. ಹೀಗೆ ನಾಲ್ಕು ವರ್ಷ ಕಳೆದರೆ ಮಡಿಯ ತುಂಬ ಆ ‘ಪಾಪ’ದ್ದೇ ಮೊಮ್ಮಕ್ಕಳು.

ಆದ್ದರಿಂದ ಮೊದಲ ಹೂವು ಬಿಚ್ಚಿದ ದಿನವೇ ತೀರ್ಮಾನ ಮಾಡಿ, ಬೇಡದ ಗಿಡವನ್ನು ಕಿತ್ತುಬಿಡಿ. ಮನಸ್ಸು ಬಾರದಿದ್ದರೆ ಅದರ ಹೂವನ್ನಾದರೂ ಮೊಗ್ಗು ಬಿರಿಯುತ್ತಲೇ ಕತ್ತರಿಸಿ ದೇವರಿಗೆ ಏರಿಸಿ. ಅದೂ ಆಗದಿದ್ದರೆ ಪಕ್ಕದ ಮನೆಯವರನ್ನು ಕರೆಯಿರಿ. ನಿಮ್ಮ ಗಿಡ ಕೀಳಲು ಅವರ ಕೈ ಖಂಡಿತ ನಡುಗುವುದಿಲ್ಲ.