ತಾಯ್ತನ ಮತ್ತು ಮಗ್ಗಂ ವರ್ಕ್: ಎರಡನ್ನೂ ಒಟ್ಟಿಗೆ ಕೆಡಿಸಿಕೊಳ್ಳುವ ಕ್ರಮ

ರಾಯಚೂರಿನಲ್ಲಿ ಮಗ್ಗಂ ವರ್ಕ್ ಶುರುಮಾಡುವವರು ಅಂಗಡಿ ಹುಡುಕಬೇಡಿ. ಬೋರ್ಡ್ ಹಾಕಿದರೆ ಜನ ಅದನ್ನು ವ್ಯಾಪಾರ ಎಂದುಕೊಳ್ಳುತ್ತಾರೆ. ವ್ಯಾಪಾರ ಎಂದಮೇಲೆ ಬಾಗಿಲು ಹಾಕುವ ಹೊತ್ತೂ ಒಂದಿರುತ್ತದೆ. ಪಡಸಾಲೆಯಲ್ಲೇ ಚೌಕಟ್ಟು ಹೂಡಿ, ಅಡುಗೆಮನೆಗೂ ತೊಟ್ಟಿಲಿಗೂ ನಡುವೆ, ಓಡಾಡುವವರೆಲ್ಲರ ಕಾಲಿಗೆ ತಾಗುವಂತೆ. ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, "ಏನಿಲ್ರಿ, ಮನ್ಯಾಗ ಇರ್ತೀನಿ, ಟೈಮ್‌ಪಾಸಿಗೆ ಒಂಚೂರು ಹೊಲಿತೀನಿ" ಎನ್ನಿ. ಮುಂದಿನ ಹಂತಗಳೆಲ್ಲ ಈ ಉತ್ತರದ ಮೇಲೆಯೇ ನಿಂತಿವೆ. ಬಾಯಿಪಾಠ ಮಾಡಿಕೊಳ್ಳಿ.

ಮಣಿ, ಜರಿ, ಚಮಕಿ ತರಲು ತೀನ್ ಕಂದೀಲ್ ಕಡೆ ಹೋಗುವಾಗ ಮೇ ತಿಂಗಳ ಮಟಮಟ ಮಧ್ಯಾಹ್ನವನ್ನೇ ಆರಿಸಿ. ಕೂಸನ್ನು ಸೊಂಟದ ಮೇಲೆ ಕೂರಿಸಿಕೊಳ್ಳಿ. ಮನೆಯಲ್ಲಿ ಅದರ ಅಪ್ಪ ಇದ್ದಾರೆ ನಿಜ, ಆದರೆ ಅವರಿಗೆ ಇವತ್ತು ರಜೆ.

ಈಗ ಟ್ರೇಸಿಂಗ್. ಬಟರ್ ಪೇಪರಿನ ಮೇಲೆ ನವಿಲು ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ. ಬಿಳಿ ಜಿಂಕ್ ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ, ಅರಿವೆ ತುಂಡಿನಿಂದ ಹಾಳೆಯ ಮೇಲೆ ಒರೆಸಿ, ನಿಧಾನಕ್ಕೆ ಎತ್ತಿ. ಗಿಳಿಹಸಿರು ರೇಷ್ಮೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ನವಿಲು ಮೂಡಿರುತ್ತದೆ. ಒಣಗುವತನಕ ಕಾಯಬೇಕು ಎನ್ನುತ್ತಾರೆ ಕಲಿಸುವವರು. ಅವರ ಮಕ್ಕಳು ದೊಡ್ಡವರಾಗಿದ್ದಾರೆ. ನೀವು ಹಾಲು ಉಕ್ಕಿತೇನೋ ಎಂದು ಒಳಗೆ ಹೋಗಿ ಬನ್ನಿ. ಅಷ್ಟರಲ್ಲಿ ನವಿಲಿನ ಕೊರಳ ಮೇಲೆ ಐದು ಬೆರಳಿನ ಒಂದು ಪುಟ್ಟ ಅಂಗೈ ಬಿದ್ದಿರುತ್ತದೆ. ಗದರಬೇಡಿ. ಗುರುತು ಮುಚ್ಚುವಷ್ಟು ಮಣಿ ತುಂಬಿ. ಹೆಚ್ಚುವರಿ ಮಣಿಯ ಖರ್ಚು ನಿಮ್ಮದು. ಗಿರಾಕಿ ಅದನ್ನೇ ಹೊಸ ಡಿಸೈನ್ ಎಂದು ಮೆಚ್ಚಿದರೆ ಸುಮ್ಮನೆ ನಕ್ಕುಬಿಡಿ.

ಹಗಲು ಕೂಸಿಗೆ, ರಾತ್ರಿ ಗಿರಾಕಿಗೆ ಎಂದು ಹಂಚಿಕೊಳ್ಳಿ. ನಿದ್ದೆಗೆ ಉಳಿದದ್ದನ್ನು ಕೊಟ್ಟರಾಯಿತು. ಊಟದ ಪಾತ್ರೆ ತೊಳೆದಾದ ಮೇಲೆ ಆರಿ ಸೂಜಿ ಹಿಡಿಯಿರಿ. ಹಗಲೆಲ್ಲ ಕಾದ ಗೋಡೆ ಆಗಲೂ ಝಳ ಬಿಡುತ್ತಿರುತ್ತದೆ. ಫ್ಯಾನ್ ಹಾಕಿದರೆ ಚಮಕಿ ಹಾರುತ್ತದೆ, ಹಾಕದಿದ್ದರೆ ಕೂಸು ಏಳುತ್ತದೆ. ಕರೆಂಟ್ ಹೋದರೆ ಈ ಇಕ್ಕಟ್ಟು ತಾನಾಗಿ ಬಗೆಹರಿಯುತ್ತದೆ. ಆಗ ಹತ್ತಿರದಲ್ಲೇ ಶಕ್ತಿನಗರದ ಆರ್‌ಟಿಪಿಎಸ್ ವಿದ್ಯುತ್ ಸ್ಥಾವರ ಇದೆ, ಅದರ ಸಾಮರ್ಥ್ಯ 1720 ಮೆಗಾವ್ಯಾಟ್, 1985ರಿಂದ ನಾಡಿಗೆಲ್ಲ ಬೆಳಕು ಕೊಡುತ್ತಿರುವುದು ನಮ್ಮೂರೇ ಎಂಬ ಹೆಮ್ಮೆಯಿಂದ ಮೊಬೈಲ್ ಟಾರ್ಚ್ ಹಚ್ಚಿ.

ದರ ಹಾಕುವುದು ಸುಲಭ. ಮಣಿ, ದಾರ, ಲೈನಿಂಗ್ ಕೂಡಿಸಿ. ಅಲ್ಲಿಗೆ ನಿಲ್ಲಿಸಿ. ನಾಲ್ಕು ರಾತ್ರಿಯ ಕೂಲಿ ಹಿಡಿಯಬೇಡಿ. ಮಲಗಿದ್ದರೆ ಯಾರು ದುಡ್ಡು ಕೊಡುತ್ತಿದ್ದರು? ನಾದಿನಿಯ ಜಂಪರ್‌ಗೆ ಲೈನಿಂಗ್ ಖರ್ಚನ್ನೂ ಬಿಡಿ. "ಅಕ್ಕಾ, ನಾಡಿದ್ದ ಕುಬುಸ ಐತ್ರಿ, ಹ್ಯಾಂಗರ ಮಾಡಿ ಕೊಡ್ರಿ" ಎಂದು ಫೋನ್ ಬಂದರೆ ಅಡ್ವಾನ್ಸ್ ಕೇಳದೆ ಒಪ್ಪಿಕೊಳ್ಳಿ. ಕ್ಯೂಆರ್ ಕೋಡ್ ಮಾತ್ರ ಯಜಮಾನರ ನಂಬರಿನದೇ ಇರಲಿ. ದುಡ್ಡು ಬಿದ್ದ ಸದ್ದು ಅವರ ಜೇಬಿನಲ್ಲಿ ಕೇಳಿದರೆ ಮನೆಗೆ ಶೋಭೆ. ದಾರ ಮುಗಿದಾಗ ಅವರ ಮುಂದೆ ಕೈಚಾಚಿ. ಏಕೆ ಬೇಕು ಎಂದು ಕೇಳುತ್ತಾರೆ, ವಿವರವಾಗಿ ಹೇಳಿ.

ಮಾನ್ವಿಯ ಗಿರಾಕಿಗೆ ನೀವೇ ಹೋಗಿ ಮುಟ್ಟಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಫ್ರೀ, ಆದ್ದರಿಂದ ಡೆಲಿವರಿಯೂ ಫ್ರೀ. ಅರ್ಧ ದಿನ ಹೋಗುತ್ತದೆ, ಹೋಗಲಿ. ಅಂದಹಾಗೆ ಇದೇ ಮಾನ್ವಿಯ ಜಗನ್ನಾಥದಾಸರು ಹರಿಕಥಾಮೃತಸಾರ ಬರೆದರು. ಮನೆ, ಬರವಣಿಗೆ ಎರಡನ್ನೂ ಹೇಗೆ ನಿಭಾಯಿಸಿದಿರಿ ಎಂದು ಅವರನ್ನು ಯಾರೂ ಕೇಳಿದಂತಿಲ್ಲ. ನಿಮ್ಮನ್ನು ಕೇಳುತ್ತಾರೆ, ಮಾರ್ಚ್ 8ಕ್ಕೆ, ಶಾಲು ಹೊದಿಸಿ, ಮೈಕ್ ಕೊಟ್ಟು. "ಎಲ್ಲ ಮನಿಯವರ ಸಹಕಾರ" ಎಂದು ಹೇಳಿ ಬೇಗ ಇಳಿಯಿರಿ. ಮನೆಯಲ್ಲಿ ರೊಟ್ಟಿ ಬಡಿಯುವುದು ಬಾಕಿ ಇದೆ.

ಸರ್ಕಾರದ ಕಡೆ ಹೆಚ್ಚು ನೋಡಬೇಡಿ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು; 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು. ನಿಮ್ಮ ಸಂಸ್ಥೆಯ ನೌಕರರನ್ನು ಎಣಿಸಿ. ಒಬ್ಬರು, ಅವರೇ ಮಾಲೀಕರು, ರಜೆ ಮಂಜೂರು ಮಾಡುವವರು ಅತ್ತೆ. ಪಿಎಂ ವಿಶ್ವಕರ್ಮದಲ್ಲಿ ದರ್ಜಿಗಳಿಗೆ 15,000 ರೂಪಾಯಿಯ ಸಲಕರಣೆ ನೆರವು, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇ. 5ರ ಬಡ್ಡಿಯ ಸಾಲ ಇದೆ, ಆದರೆ ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಆ ಒಬ್ಬರು ನೀವಾಗಬೇಡಿ. ಸಂಘದಿಂದ ಸಾಲ ಎತ್ತುವಾಗ ಮಾತ್ರ ಹೆಸರು ನಿಮ್ಮದಿರಲಿ. ಬೈಕ್ ಯಜಮಾನರಿಗೆ, ಕಂತು ನಿಮಗೆ.

ದೇವದುರ್ಗದ ತಾಂಡಾಗಳಲ್ಲಿ ಲಂಬಾಣಿ ಕಸೂತಿ ಬಲ್ಲ ತಾಯಂದಿರಿಗೆ ಒಂದು ಹಂತ ಹೆಚ್ಚು. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ 1755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅದರ ಫೋಟೊ ನೋಡಿ ಹುರುಪಿನಿಂದ ದೊಡ್ಡ ಆರ್ಡರ್ ಹಿಡಿಯಿರಿ. ಕೆಲಸ, ಕೂಸು ಎರಡೂ ತೂಗದಿದ್ದರೆ ಹಿರಿಮಗಳು ಇದ್ದಾಳಲ್ಲ, ಐದನೇ ಕ್ಲಾಸು. ವಾರಕ್ಕೆ ಎರಡು ದಿನ ಶಾಲೆ ತಪ್ಪಿಸಿ ತಮ್ಮನನ್ನು ಎತ್ತಿಕೊಳ್ಳಲಿ. ಆಮೇಲೆ ನಾಲ್ಕು ದಿನ ಮಾಡಿ. ಮುಂದಿನ ವರ್ಷ ಎಣಿಸುವ ತೊಂದರೆಯೇ ಇರುವುದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಕೂಲಿಕಾರ ತಾಯಂದಿರ ಮಕ್ಕಳಿಗೆಂದು ಕೂಸಿನ ಮನೆ ತೆರೆದಿದ್ದಾರೆ. ಅಲ್ಲಿ ವಿಚಾರಿಸಲು ಹೋಗಬೇಡಿ. ಟೈಮ್‌ಪಾಸಿಗೆ ಹೊಲಿಯುವವಳಿಗೆ ಅದು ಯಾಕೆ ಎಂದು ಯಾರಾದರೂ ಕೇಳಿಯಾರು.

ಇನ್ನು ಗಿರಾಕಿಗಳಿಗೆ ಒಂದು ಮಾತು. ಜಂಪರ್ ಕೈಗೆ ಬಂದ ಕೂಡಲೇ ರೇಟ್ ಎತ್ತಬೇಡಿ. ಮೊದಲು ಕೂಸನ್ನು ಎತ್ತಿಕೊಂಡು ಎರಡು ನಿಮಿಷ ಆಡಿಸಿ, ತಾಯಿಯಂಗೇ ಐತಿ ಎನ್ನಿ. ಆಮೇಲೆ ಕೇಳಿ, ಇನ್ನೂರು ರೂಪಾಯಿ ತಪ್ಪದೇ ಇಳಿಯುತ್ತದೆ.